ಕಳ್ಳ ಸ್ವಿಚ್ಚು ಮತ್ತು ಶಾಂತವ್ವನ ಕೈಗುಣ

ಸಣ್ಣ ಟ್ರ್ಯಾಕ್ಟರಿನ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ತಲೆ, ಎರಡು ಕೈ ಮಾತ್ರ ಹಿಡಿಯುತ್ತವೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳಬೇಕಾದ್ದು ಇದೇ. ದೊಡ್ಡ ಟ್ರ್ಯಾಕ್ಟರಾದರೆ ಒಬ್ಬ ಈ ಕಡೆಯಿಂದ ವೈರು ತಳ್ಳುತ್ತಾನೆ, ಇನ್ನೊಬ್ಬ ಆ ಕಡೆಯಿಂದ ಎಳೆಯುತ್ತಾನೆ, ನಡುವೆ ನಾಲ್ಕು ಮಾತು ಆಗುತ್ತವೆ. ಸಣ್ಣದರಲ್ಲಿ ಆ ಭಾಗ್ಯವಿಲ್ಲ. ಮಾಲೀಕ ಗಾಡಿಯನ್ನು ಬೇವಿನ ಗಿಡದ ನೆರಳಿಗೆ ತಂದು ನಿಲ್ಲಿಸಿ, ಏನೇನು ಹಾಕಬೇಕೆಂದು ಬೆರಳು ಮಡಚಿ ಹೇಳಿ ಹೊಲಕ್ಕೆ ಹೋಗಿಬಿಡುತ್ತಾನೆ. ಹಿಂದಿನ ದೀಪ, ಹಾರ್ನು, ಹಾಡಿನ ಪೆಟ್ಟಿಗೆ, ಮೊಬೈಲ್ ಚಾರ್ಜಿನ ಪಿನ್ನು, ಟ್ರೇಲರಿಗೆ ಹೋಗುವ ಸಾಕೆಟ್ಟು. ಮನೆಯವರೂ ಅವನ ಹಿಂದೆ ಹೋಗುತ್ತಾರೆ. ಆಮೇಲೆ ಮಧ್ಯಾಹ್ನದ ತನಕ ಆ ಅಂಗಳದಲ್ಲಿ ನೀವು, ನಿಮ್ಮ ಟೆಸ್ಟ್ ಬಲ್ಬು, ಕೆದರಿ ತಿನ್ನುವ ಕೋಳಿಗಳು.

ಈ ಕೆಲಸವನ್ನು ನಾನು ಮೂವತ್ತಾರು ವರ್ಷ ಮಾಡಿದೆ. ಮೊದಲು ಬೈಲಹೊಂಗಲದಲ್ಲಿ ಒಬ್ಬ ಉಸ್ತಾದರ ಅಂಗಡಿಯಲ್ಲಿ, ಆಮೇಲೆ ಸವದತ್ತಿಯಲ್ಲಿ ಸ್ವಂತಕ್ಕೆ. ಬಿಟ್ಟು ಎರಡು ವರ್ಷವಾಯಿತು. ಕಣ್ಣು ಮಂಜಾಗಿ ಬಿಟ್ಟನೆಂದು ಹೊಸಬರು ತಿಳಿದಿದ್ದಾರೆ, ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಕಣ್ಣು ಚೆನ್ನಾಗಿಯೇ ಇದೆ. ಒಬ್ಬ ಹೆಣ್ಣುಮಗಳಿಗೆ ನನ್ನ ಕೆಲಸದಿಂದ ಅನ್ಯಾಯವಾಗಿತ್ತು, ಅದನ್ನು ತೀರಾ ತಡವಾಗಿ ಬಾಯಿಬಿಟ್ಟು ಹೇಳಿದೆ, ಹೇಳಿದ ಮೇಲೆ ನನ್ನನ್ನು ಯಾರೂ ಅಂಗಳಕ್ಕೆ ಕರೆಯಲಿಲ್ಲ. ಅದನ್ನು ಬರೆಯಲೆಂದೇ ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ಈ ಕೆಲಸ ಎಂಥದ್ದೆಂದು ನಿಮಗೆ ತಿಳಿದಿರಬೇಕು.

ಉಸ್ತಾದರದು ಮಾತು ಕಡಿಮೆ, ಸಿಟ್ಟು ಜಾಸ್ತಿ. ನಾನು ಅಂಗಡಿಗೆ ಸೇರಿದ ದಿನ ಪಾನಾ ಕೈಗೆ ಕೊಟ್ಟು ಬ್ಯಾಟರಿ ಬಿಚ್ಚು ಎಂದರು. ನಾನು ಜಾಣನಂತೆ ಪ್ಲಸ್ ಕಡೆಯ ನಟ್ಟಿಗೇ ಕೈ ಹಾಕಿದೆ. ಪಾನಾದ ಇನ್ನೊಂದು ತುದಿ ಬಾನೆಟ್ಟಿನ ತಗಡಿಗೆ ತಾಗಿ ಚಟಾರನೆ ಕಿಡಿ ಹಾರಿತು. ಪಾನಾದ ಬಾಯಿ ಕರಗಿ ಗುಳಿ ಬಿತ್ತು. ಉಸ್ತಾದರು ಬೈಯಲಿಲ್ಲ. ನನ್ನ ಅಂಗೈ ತಿರುಗಿಸಿ ಸುಟ್ಟಿದೆಯೋ ಎಂದು ನೋಡಿ, "ಬಿಚ್ಚೂವಾಗ ಮೈನಸ್ ಮದಲ, ಹಚ್ಚೂವಾಗ ಮೈನಸ್ ಕಡೀಕ. ಇದನ್ನ ಮರತ್ರ ನಾಳೆ ಬರಬ್ಯಾಡ," ಎಂದರು. ಮರುದಿನ ಹೋದೆ. ಆಮೇಲಿನ ಹನ್ನೊಂದು ವರ್ಷ ಹೋಗುತ್ತಲೇ ಇದ್ದೆ.

ಆಗ ವೈರಿನ ಮೇಲಿನ ರಬ್ಬರನ್ನು ಹಲ್ಲಿನಿಂದ ಸುಲಿಯುತ್ತಿದ್ದೆವು. ನನ್ನ ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿ ಆ ಕಾಲದ್ದು. ಜೋಡಣೆ ಎಂದರೆ ತಾಮ್ರವನ್ನು ಹೊಸೆದು ಮೇಲೆ ಕರಿ ಟೇಪು ಸುತ್ತುವುದು. ಉಸ್ತಾದರು ಮಾತ್ರ ಹೊಸೆದ ಗಂಟನ್ನು ಬೆಸುಗೆ ಹಾಕದೆ ಬಿಡುತ್ತಿರಲಿಲ್ಲ. ಒಂದು ಗಂಟು ಬರೀ ಟೇಪಿನಲ್ಲಿ ಮುಚ್ಚಿದ್ದು ಕಂಡರೆ ಇಡೀ ವೈರಿಂಗನ್ನು ಕಿತ್ತು ನನ್ನ ಕಾಲ ಬುಡಕ್ಕೆ ಒಗೆದು ಚಹಾ ಕುಡಿಯಲು ಹೋಗುತ್ತಿದ್ದರು. ಗಿರಾಕಿ ಎದುರಿಗೇ ನಿಂತಿರುತ್ತಿದ್ದ. ಅವನ ಮುಖ ನೋಡುತ್ತ ಮತ್ತೆ ಮೊದಲಿನಿಂದ ಶುರು ಮಾಡುವುದಿದೆಯಲ್ಲ, ಅದಕ್ಕಿಂತ ದೊಡ್ಡ ಶಾಲೆ ಇಲ್ಲ.

ಸವದತ್ತಿಗೆ ಬಂದು ಸ್ವಂತ ಕೆಲಸ ಹಿಡಿದ ಕೆಲವು ವರ್ಷಕ್ಕೆ ಸಣ್ಣ ಟ್ರ್ಯಾಕ್ಟರುಗಳು ಬಂದವು. ಹತ್ತಿ ಸಾಲಿನ ನಡುವೆ, ಗೋವಿನಜೋಳದ ಸಾಲಿನ ನಡುವೆ ಎಡೆ ಹೊಡೆದು ಕಳೆ ತೆಗೆಯಲು ಅನುಕೂಲ. ಗಾಡಿ ಸಣ್ಣದಾದರೂ ಮಾಲೀಕರ ಆಸೆ ಸಣ್ಣದಿರಲಿಲ್ಲ. ಪಕ್ಕದ ಮನೆಯ ದೊಡ್ಡ ಗಾಡಿಯಲ್ಲಿ ಏನೇನಿದೆಯೋ ಎಲ್ಲ ಇದರಲ್ಲೂ ಬೇಕು. ಕಿತ್ತೂರಿನ ಕಡೆಯ ಒಬ್ಬರು ಬಸ್ಸಿಗೆ ಹಾಕುವ ಹಾರ್ನೇ ಆಗಬೇಕೆಂದು ಹಟ ಹಿಡಿದರು. ಹಾಕಿದೆ. ಅಂಗಳದಲ್ಲೇ ಒಮ್ಮೆ ಒತ್ತಿ ನೋಡಿದೆ. ಕಟ್ಟಿದ್ದ ಎಮ್ಮೆ ಗೂಟ ಸಮೇತ ಕಿತ್ತುಕೊಂಡು ಊರ ಹೊರಗಿನ ಹಳ್ಳದವರೆಗೆ ಓಡಿತು. ಮಾಲೀಕರು ಹೊಟ್ಟೆ ಹಿಡಿದು ನಕ್ಕರು. ಹಾಲು ಕರೆಯಲು ಚೆಂಬು ಹಿಡಿದು ಬಂದಿದ್ದ ಅವರ ಹೆಂಡತಿ ನಗಲಿಲ್ಲ.

ಆದರೆ ಅದೇ ಗಾಡಿಯಲ್ಲಿ ನಾನು ಮಾಡಿದ ನಿಜವಾದ ತಪ್ಪು ಹಾರ್ನಿನದಲ್ಲ. ನಾಲ್ಕು ದೊಡ್ಡ ದೀಪ, ಹಾಡಿನ ಪೆಟ್ಟಿಗೆ, ಒಂದು ಫ್ಯಾನು, ಎಲ್ಲವನ್ನೂ ಕೀಲಿಯ ಹಂಗಿಲ್ಲದೆ ನೇರವಾಗಿ ಬ್ಯಾಟರಿಯಿಂದ ಕೊಟ್ಟಿದ್ದೆ. ಕೀಲಿ ತೆಗೆದರೂ ಹಾಡು ಹಾಡುತ್ತಲೇ ಇರುತ್ತದೆ, ಅವರಿಗೆ ಅದೇ ಖುಷಿ. ಸಣ್ಣ ಗಾಡಿಯ ಆಲ್ಟರ್ನೇಟರು ಅಷ್ಟನ್ನು ತುಂಬಿಕೊಡಲಾರದು ಎಂಬ ಲೆಕ್ಕ ನನಗಿರಲಿಲ್ಲ. ಒಂದು ವಾರದಲ್ಲಿ, ಸರಿಯಾಗಿ ಬಿತ್ತನೆಯ ಬೆಳಿಗ್ಗೆ ಬ್ಯಾಟರಿ ಕೂತಿತು. ನೆಲದ ಹಸಿ ಆರಿಹೋಗುವ ಹೊತ್ತಿನಲ್ಲಿ ಅವರು ಯಾರದೋ ಎತ್ತು ಬೇಡಿ ತಂದು ಬಿತ್ತಿದರು. ನನ್ನನ್ನು ಕರೆದು ಒಂದೇ ಮಾತು ಕೇಳಿದರು: "ನಾ ಕೇಳಿದ್ದು ಖರೆ. ಬ್ಯಾಡ ಅನ್ನಾಕ ನಿಮಗ ಬಾಯಿ ಇರಲಿಲ್ಲೇನ್ರಿ?" ಗಿರಾಕಿ ಕೇಳಿದ್ದನ್ನೆಲ್ಲ ಹಾಕುವವನು ಮೇಸ್ತ್ರಿಯಲ್ಲ. ಅದನ್ನು ಅವತ್ತು ಕಲಿತೆ ಎಂದುಕೊಂಡಿದ್ದೆ. ಕಲಿತಿರಲಿಲ್ಲ, ಮುಂದೆ ಹೇಳುತ್ತೇನೆ.

ಆಮೇಲೆ ಮೀಟರು ತಂದುಕೊಂಡೆ. ಯಾವ ದೀಪ ಎಷ್ಟು ಕರೆಂಟು ಎಳೆಯುತ್ತದೆಂದು ಕೂಡಿಸಿ ನೋಡಿ, ಹೆಚ್ಚಾದರೆ ಖಡಾಖಂಡಿತ ಇಲ್ಲ ಎನ್ನುತ್ತಿದ್ದೆ. ಪ್ರತಿ ದೀಪಕ್ಕೂ ಬೇರೆ ಫ್ಯೂಸು, ದೊಡ್ಡ ದೀಪಕ್ಕೆ ರಿಲೇ. ವೈರನ್ನು ಬಿಸಿ ಸೈಲೆನ್ಸರಿನಿಂದ ಒಂದು ಗೇಣು ದೂರ ಒಯ್ಯಬೇಕು, ಸ್ಟೇರಿಂಗ್ ತಿರುಗುವ ಕಡೆ ಸ್ವಲ್ಪ ಸಡಿಲ ಬಿಡಬೇಕು, ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬುಷ್ ಹಾಕಬೇಕು. ಈಗಿನ ಗಾಡಿಗಳಲ್ಲಿ ವೈರಿಂಗು ಕಂಪನಿಯಿಂದಲೇ ಜಡೆ ಹೆಣೆದಂತೆ ಬರುತ್ತದೆ, ತುದಿಯಲ್ಲಿ ಕೂಡಿಸುವ ಕಪ್ಲರುಗಳಿರುತ್ತವೆ. ಜಡೆಯನ್ನು ಕತ್ತರಿಸಬೇಡಿ. ಅಷ್ಟು ಪಾಲಿಸಿದರೆ ನಿಮ್ಮ ಕೆಲಸದ ಮುಕ್ಕಾಲು ಪಾಲು ಬಂದಂತೆ.

ಉಳಿದ ಕಾಲು ಪಾಲು ಕಳ್ಳ ಸ್ವಿಚ್ಚು. ಇದನ್ನು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಒಂದೇ ಕಂಪನಿಯ ಗಾಡಿಗಳಾದರೆ ಒಬ್ಬರ ಕೀಲಿ ಇನ್ನೊಬ್ಬರ ಗಾಡಿಗೆ ತಿರುಗುವುದುಂಟು. ಆದ್ದರಿಂದ ಮಾಲೀಕರು ಕೀಲಿಯಿಂದ ಸ್ಟಾರ್ಟರ್ ಮೋಟರಿಗೆ ಹೋಗುವ ವೈರನ್ನು ಕತ್ತರಿಸಿ, ನಡುವೆ ಒಂದು ಪುಟ್ಟ ಸ್ವಿಚ್ಚು ಹಾಕಿ, ಅದನ್ನು ಯಾರಿಗೂ ಕಾಣದ ಕಡೆ ಅಡಗಿಸಲು ಹೇಳುತ್ತಾರೆ. ಅದು ಬಂದ್ ಆಗಿದ್ದರೆ ಕೀಲಿ ತಿರುಗುತ್ತದೆ, ಡ್ಯಾಶ್‌ಬೋರ್ಡಿನ ದೀಪ ಹತ್ತುತ್ತದೆ, ಆದರೆ ಇಂಜಿನ್ನು ಕಮಕ್ ಕಿಮಕ್ ಎನ್ನುವುದಿಲ್ಲ.

ಇದನ್ನು ಹಾಕುವುದಕ್ಕೆ ಒಂದು ಪದ್ಧತಿ ಉಂಟು. ಮಾಲೀಕ ಮನೆಯವರನ್ನೆಲ್ಲ ಹೊರಗೆ ಕಳಿಸಿ, ಅಂಗಳದ ಬಾಗಿಲು ಮುಂದೆ ಮಾಡಿ, ಕಾವಲು ನಿಲ್ಲುತ್ತಾನೆ. ಕೆಲಸ ಮುಗಿದ ಮೇಲೆ ಒಂದು ಸಲ ತೋರಿಸಬೇಕು, ಎರಡನೇ ಸಲ ಆ ಕಡೆ ಕಣ್ಣು ಹಾಯಿಸಬಾರದು. "ಹಾಕಿದ ಮ್ಯಾಲೆ ಮರತಬಿಡಬೇಕು. ಒಬ್ಬರದ ಬಾಯಿಬಿಟ್ಟಿ ಅಂದ್ರ ನಿನ್ನ ಅನ್ನ ಹೋತು," ಎಂದು ಉಸ್ತಾದರು ಹೇಳಿದ್ದರು. ಬೈಲಹೊಂಗಲದಿಂದ ರಾಮದುರ್ಗದ ತನಕ ಎಷ್ಟು ಮನೆಗಳ ಕಳ್ಳ ಸ್ವಿಚ್ಚು ನನಗೆ ಗೊತ್ತಿದ್ದವೋ ಲೆಕ್ಕ ಇಟ್ಟಿಲ್ಲ. ಒಂದನ್ನೂ ಮರೆಯಲಿಲ್ಲ.

ಇದರಿಂದ ಆಗುವ ಒಂಟಿತನವನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಚಹಾದಂಗಡಿಯಲ್ಲಿ ನಾನು ಒಬ್ಬರ ಪಕ್ಕ ಕೂತು ಸ್ವಲ್ಪ ಹೊತ್ತು ಮಾತಾಡಿದರೆ ಎದುರಿಗೆ ಕೂತವರು ನಮ್ಮಿಬ್ಬರ ತುಟಿಯನ್ನೇ ನೋಡುತ್ತಿದ್ದರು. ಗುಟ್ಟು ಕೊಟ್ಟವನಿಗೆ ನನ್ನನ್ನು ಕಂಡರೆ ಮುಜುಗರ. ರಸ್ತೆಯಲ್ಲಿ ಕಣ್ಣಲ್ಲೇ ನಮಸ್ಕಾರ ಮಾಡಿ ದಾಟಿಬಿಡುತ್ತಿದ್ದ. ಹಾಗಾಗಿ ನಾನೇ ಮೂಲೆಯ ಬೆಂಚು ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಹೆಂಡತಿ ಮದುವೆಯಾದ ಆರನೇ ವರ್ಷಕ್ಕೆ ತೀರಿಕೊಂಡಳು, ಮಕ್ಕಳಿಲ್ಲ. ಅವಳಿದ್ದಾಗಲೂ ಇವತ್ತು ಯಾರ ಮನೆಯಲ್ಲಿ ಏನು ಮಾಡಿದೆ ಎಂದು ಕೇಳಿದರೆ ದೀಪ ಹಾಕಿದೆ ಎನ್ನುತ್ತಿದ್ದೆ. ಅವಳು ಸ್ವಲ್ಪ ದಿನಕ್ಕೆ ಕೇಳುವುದನ್ನೇ ಬಿಟ್ಟಳು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಶಾಂತವ್ವನ ವಿಷಯ. ಊರ ಹೆಸರು ಬರೆಯುವುದಿಲ್ಲ, ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿಯಬೇಕು. ಶಾಂತವ್ವ, ಈರಪ್ಪ ಎಂಬವೂ ನಿಜವಾದ ಹೆಸರುಗಳಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಮೆಗಾರರು, ಒಬ್ಬಳು ಮಗಳು. ಸಣ್ಣ ಟ್ರ್ಯಾಕ್ಟರು ತಂದ ವರ್ಷ ಈರಪ್ಪನೇ ಹುರುಪಿನಿಂದ ಹೆಂಡತಿಗೆ ಗಾಡಿ ಹೊಡೆಯುವುದನ್ನು ಕಲಿಸಿದ್ದ. ಆಕೆ ಅವನಿಗಿಂತ ಚೆನ್ನಾಗಿ ಕಲಿತಳು. ಹತ್ತಿಯ ಎಡೆ ಹೊಡೆದರೆ ಒಂದು ಗಿಡಕ್ಕೂ ಪೆಟ್ಟಾಗುತ್ತಿರಲಿಲ್ಲ.

ಆ ಊರಿನಲ್ಲಿ ಶಾಂತವ್ವನಿಗೆ ಅದಕ್ಕಿಂತ ಮೊದಲಿನಿಂದಲೂ ಒಂದು ಹೆಸರಿತ್ತು. ಕೈಗುಣದ ಹೆಸರು. ನಮ್ಮ ಕಡೆ ಬಿತ್ತುವ ದಿನ ಕೂರಿಗೆಯನ್ನು ಪೂಜೆ ಮಾಡಿ, ಮೊದಲ ಮುಷ್ಟಿ ಬೀಜವನ್ನು ಕೈಗುಣ ಇರುವವರಿಂದ ಬಟ್ಟಲಿಗೆ ಹಾಕಿಸುತ್ತಾರೆ. ಅವರ ಕೈ ತಾಗಿದರೆ ಬೀಜ ಹುಸಿ ಹೋಗದೆ ಏಳುತ್ತದೆಂಬ ನಂಬಿಕೆ. ಆಕೆಯನ್ನು ನಾಲ್ಕಾರು ಮನೆಯವರು ಮುಂಚಿತವಾಗಿಯೇ ಹೇಳಿಟ್ಟು ಕರೆಸುತ್ತಿದ್ದರು. ಬಾಣಂತಿಯ ಮನೆಗೆ, ಹೊಸ ಒಲೆ ಹೂಡುವ ಮನೆಗೆ, ಎಲ್ಲ ಕಡೆಗೂ ಆಕೆಯ ಕೈ ಬೇಕು. ಇದು ನನಗೆ ಆಗ ಗೊತ್ತಿರಲಿಲ್ಲ. ನಾನು ಹೋಗಿದ್ದು ಸ್ವಿಚ್ಚು ಹಾಕಲು.

"ಗಾಡಿ ಕಳುವಾಗಾಕ ಹತ್ಯಾವರಿ ಮಲ್ಲೇಶಪ್ಪನೋರ. ಒಂದ ಸ್ವಿಚ್ ಹಾಕಿಬಿಡ್ರಿ," ಎಂದ ಈರಪ್ಪ. ಬಲಗಡೆಯ ಮಡ್‌ಗಾರ್ಡಿನ ಅಂಚಿನ ಒಳಗೆ, ಸೀಟಿಗೆ ಹತ್ತುವಾಗ ಕೈ ಆಸರೆ ಹಿಡಿಯುವ ಜಾಗದಲ್ಲೇ ಹಾಕಿದೆ. ಹತ್ತುತ್ತ ಬೆರಳಿನಿಂದ ಸ್ವಿಚ್ಚನ್ನು ಮೇಲೆ ಮಾಡಿದರೆ ಚಾಲೂ, ಯಾರಿಗೂ ತಿಳಿಯುವುದಿಲ್ಲ. ಮುಗಿದ ಮೇಲೆ ಅವನು ದನಿ ಇಳಿಸಿ ಹೇಳಿದ: "ಮನ್ಯಾಗ ಯಾರಿಗೂ ಗೊತ್ತಾಗಬಾರ್ದು. ನಮ್ಮಾಕಿಗೂ."

"ಆಕೀನೂ ಗಾಡಿ ಹೊಡೀತಾಳಂತಲ್ಲ?"

"ಹೆಣ್ಮಕ್ಕಳ ಬಾಯಾಗ ಮಾತ ನಿಂದ್ರೂದಿಲ್ರಿ. ನಾ ಇರತೇನಲ್ಲ, ಚಾಲೂ ಮಾಡಿ ಕೊಡತೇನಿ. ನೀವು ಮಾತ ಕೊಡ್ರಿ."

ಅರ್ಧ ಅರ್ಥವಾಯಿತು, ಇನ್ನರ್ಧವನ್ನು ಅರ್ಥ ಮಾಡಿಕೊಳ್ಳಲು ನಾನು ಮನಸ್ಸು ಮಾಡಲಿಲ್ಲ. ಮಾತು ಕೊಟ್ಟೆ. ಅಷ್ಟರಲ್ಲಿ ಶಾಂತವ್ವ ಬಾಗಿಲು ತಟ್ಟಿ ಚಹಾ ತಂದಳು. "ಏನ್ ಹಾಕಿದ್ರಿ ಅಣ್ಣಾರ?" ಎಂದು ಕೇಳಿದಳು. ಹೊಸ ಫ್ಯೂಸು ಎಂದೆ. ಮಾಮೂಲಿ ಸುಳ್ಳು. ಅಂಥದ್ದನ್ನು ಎಷ್ಟು ಮನೆಗಳಲ್ಲಿ ಹೇಳಿದ್ದೆನೋ.

ಹತ್ತು ಹದಿನೈದು ದಿನಕ್ಕೆ ಆಕೆಯದೇ ಫೋನು ಬಂತು. ಹೋದೆ. ಈರಪ್ಪ ಪೇಟೆಗೆ ಹೋಗಿದ್ದ. ಆಕೆ ಸೀಟಿನ ಮೇಲೆ ಕೂತು ಕೀಲಿ ತಿರುಗಿಸಿ ತೋರಿಸಿದಳು. "ನೋಡ್ರಿ ಅಣ್ಣಾರ, ಏನೂ ಅನ್ನವಲ್ದು. ಅವರು ಹತ್ತಿದ್ರ ಒಂದ ಪೆಟ್ಟಿಗೆ ಚಾಲೂ ಆಕ್ಕೈತಿ. ನಾ ಏನ ತಪ್ಪ ಮಾಡಾಕ ಹತ್ತೇನಿ?"

ಅಲ್ಲಿಯೇ, ಆ ಕ್ಷಣದಲ್ಲೇ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ. ಸಣ್ಣ ಗಾಡಿಗಳಲ್ಲಿ ಕ್ಲಚ್ಚಿನ ಪೆಡಲಿಗೊಂದು ಸುರಕ್ಷೆಯ ಸ್ವಿಚ್ಚು ಇರುತ್ತದೆ, ಪೆಡಲು ಪೂರ್ತಿ ಒತ್ತದಿದ್ದರೆ ಇಂಜಿನ್ನು ಏಳುವುದಿಲ್ಲ. ಅದು ನಿಜವಾದ ಸಂಗತಿ. ಆ ನಿಜವನ್ನು ಸುಳ್ಳಿಗೆ ಬಳಸಿಕೊಂಡೆ. "ಕ್ಲಚ್ ಪೂರಾ ಒತ್ತವಲ್ಲಿ ತಂಗಿ. ಇನ್ನೂ ಗಟ್ಟಿ ಒತ್ತು," ಎಂದೆ. ಆಕೆ ಒತ್ತಿದಳು. ಕಾಲಿನ ನರ ಉಬ್ಬುವಷ್ಟು ಒತ್ತಿದಳು. ಆ ಮುಖ ನೋಡಲಾಗದೆ ನಾನು ಏನೋ ನೋಡುವವನಂತೆ ಚಕ್ರದ ಹತ್ತಿರ ಬಗ್ಗಿ, ಮಡ್‌ಗಾರ್ಡಿನ ಕೆಳಗೆ ಬೆರಳು ಹಾಕಿ ಸ್ವಿಚ್ಚನ್ನು ಮೇಲೆ ಮಾಡಿ, "ಈಗ ನೋಡು," ಎಂದೆ. ಗಾಡಿ ಎದ್ದಿತು. ಆಕೆ ಎಷ್ಟು ನಕ್ಕಳೆಂದರೆ ನನಗೂ ಒಳ್ಳೆಯದು ಮಾಡಿದಂತೆ ಅನ್ನಿಸಿತು.

ನನ್ನ ಮೂವತ್ತಾರು ವರ್ಷದ ಎಲ್ಲ ತಪ್ಪುಗಳಿಗಿಂತ ದೊಡ್ಡ ತಪ್ಪು ಅದು. ಸಂಜೆ ಈರಪ್ಪ ಬಂದವನೇ ಸ್ವಿಚ್ಚನ್ನು ಮತ್ತೆ ಬಂದ್ ಮಾಡಿದ. ಮರುದಿನ ಶಾಂತವ್ವ ಓಣಿಯವರೆಲ್ಲರ ಎದುರಿಗೆ ಹತ್ತಿ ಕೀಲಿ ತಿರುಗಿಸಿದಳು. ಏನೂ ಆಗಲಿಲ್ಲ. ಮೇಸ್ತ್ರಿ ಮುಟ್ಟಿದರೆ ಏಳುತ್ತದೆ, ಗಂಡ ಮುಟ್ಟಿದರೆ ಏಳುತ್ತದೆ, ಆಕೆ ಮುಟ್ಟಿದರೆ ಮಾತ್ರ ಇಲ್ಲ. ನಾನು ಸುಮ್ಮನೆ ಕೆಟ್ಟಿದೆ ಎಂದು ಹೇಳಿ ಬಂದಿದ್ದರೆ ಗಾಡಿಯ ತಪ್ಪಾಗುತ್ತಿತ್ತು. ಕೆಟ್ಟಿಲ್ಲವೆಂದು ನಡೆಸಿ ತೋರಿಸಿ ಬಂದದ್ದರಿಂದ ಅದು ಆಕೆಯ ಕೈಯ ತಪ್ಪಾಯಿತು. ಎರಡು ಮೂರು ಸಲ ಹೀಗಾದ ಮೇಲೆ ಆಕೆ ಹತ್ತುವುದನ್ನೇ ಬಿಟ್ಟಳಂತೆ. ನನಗೆ ಮತ್ತೆ ಫೋನು ಬರಲಿಲ್ಲ. ಬರದಿದ್ದುದಕ್ಕೆ ಸಮಾಧಾನವಾಯಿತೆಂದು ನಾಚಿಕೆಯಿಂದಲೇ ಬರೆಯುತ್ತೇನೆ.

ನಾಲ್ಕು ವರ್ಷದ ಮೇಲೆ ಅದೇ ಓಣಿಯ ನೀಲವ್ವ ಎಂಬ ಹಿರಿಯಳ ಮನೆಗೆ ದೀಪ ಹಾಕಲು ಹೋದೆ. ಹೆಸರುಕಾಳು ಬಿತ್ತುವ ಹದ. ಅಂಗಳದಲ್ಲಿ ಟ್ರ್ಯಾಕ್ಟರಿನ ಕೂರಿಗೆಗೆ ಕುಂಕುಮ ಹಚ್ಚುತ್ತಿದ್ದರು. ಎದುರುಮನೆಯ ಬಾಗಿಲಲ್ಲಿ ಶಾಂತವ್ವ ನಿಂತಿದ್ದಳು. ನೋಡಿದಳು, ಒಳಗೆ ಹೋದಳು. ಆಕೆಯನ್ನೂ ಕರೆಯಬಾರದೇ ಎಂದೆ, ಏನೋ ಮಾತಿಗೆ.

"ಬ್ಯಾಡ ಬಿಡು ತಮ್ಮಾ," ಎಂದಳು ನೀಲವ್ವ, ದನಿಯಲ್ಲಿ ಕೆಡುಕಿರಲಿಲ್ಲ. "ಮದಲ ನಾವ ಕರಕೊಂಡ ಬರತಿದ್ವಿ. ಆಕಿ ಕೈಗುಣ ಹೋತು. ಕಬ್ಬಿಣದ ಗಾಡಿ ಸುದ್ದಾ ಆಕಿ ಕೈಯಾಗ ಏಳೂದಿಲ್ಲ. ಬೀಜ ಹೆಂಗ ಎದ್ದೀತು? ಈಗ ನಾವು ಕರದ್ರೂ ಆಕೀನ ಬರೂದಿಲ್ಲ."

ದೀಪ ಹಾಕಿ ಮುಗಿಸುವವರೆಗೂ ಎದುರುಮನೆಯ ಬಾಗಿಲ ಕಡೆ ತಲೆ ಎತ್ತಲಿಲ್ಲ. ಮುಗಿಸಿ ನೇರವಾಗಿ ಈರಪ್ಪನ ಹೊಲಕ್ಕೆ ಹೋದೆ. ಆಕೆಗೆ ಹೇಳಿಬಿಡು ಎಂದೆ. ಊರವರು ಏನೆನ್ನುತ್ತಿದ್ದಾರೆ ಗೊತ್ತಿದೆಯೇ ಎಂದೆ.

ಅವನು ಬದುವಿನ ಮೇಲೆ ಕೂತ. "ಆವಾಗ ಜನ ಏನಂತಿದ್ರು ಅದೂ ಕೇಳ್ರಿ. ಹೇಣ್ತಿ ಗಾಡಿ ಹೊಡೀತಾಳ, ಈರಪ್ಪ ಬದುವಿನ ಮ್ಯಾಲೆ ಬುತ್ತಿ ಕಾಯತಾನ ಅಂತಿದ್ರು. ಕಲಿಸಿದಾಂವ ನಾನ. ಬ್ಯಾಡ ಅಂದ್ರ ಯಾಕ ಅಂತಾಳ. ಏನ್ ಹೇಳ್ಲಿ? ನಾಕ ದಿನ ಚಾಲೂ ಆಗದಿದ್ರ ತಾನ ಬಿಡ್ತಾಳ ಅಂತ ಮಾಡಿದ್ದೆ. ಕೈಗುಣದ ಮಾತ ಬರತೈತಿ ಅಂತ ನನಗೇನ ಗೊತ್ತಿತ್ತು."

"ಈಗ ಗೊತ್ತಾತಲ್ಲ. ಹೇಳು."

"ಈಗ ಹೇಳಿದ್ರ ನಾ ಆ ಮನ್ಯಾಗ ಹೆಂಗ ಇರ್ಲಿ? ನೀವು ಮಾತ ಕೊಟ್ಟೀರಿ. ನಂದೊಂದ ಹೇಳಿದ್ರ ಸುತ್ತ ಹಳ್ಯಾಗಿನವರೆಲ್ಲಾ ತಮ್ಮ ಸ್ವಿಚ್ ಕಿತ್ತಸ್ತಾರ. ನಿಮ್ಮನ್ನ ಯಾರೂ ಅಂಗಳಕ್ಕ ಬಿಟ್ಟಕೊಳ್ಳೂದಿಲ್ಲ."

ಅವನು ಹೇಳಿದ್ದು ಸರಿಯಿತ್ತು. ಅದಕ್ಕೇ ಹೆದರಿದೆ. ಸ್ಕೂಟರು ಹತ್ತಿ ಸವದತ್ತಿಗೆ ವಾಪಸು ಬಂದೆ. ಮಾತು ಉಳಿಸಿಕೊಂಡೆನೆಂದು ನನಗೆ ನಾನೇ ಹೇಳಿಕೊಂಡು ಒಂದು ಇಡೀ ವರ್ಷ ಕಳೆದೆ. ಹೇಳಲು ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಬ್ಬನೇ ಬದುಕುವವನಿಗೆ ಇದೊಂದು ಕೆಟ್ಟದ್ದು. ಅವನ ಸುಳ್ಳನ್ನು ಅಲ್ಲಗಳೆಯುವವರಿರುವುದಿಲ್ಲ.

ಕಿರಿಯರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕಳ್ಳ ಸ್ವಿಚ್ಚು ಹಾಕಬೇಡಿ ಎನ್ನುವುದಿಲ್ಲ, ಗಾಡಿಗಳು ಕಳುವಾಗುವುದು ನಿಜ. ಆದರೆ ಆ ಗಾಡಿಯನ್ನು ಮನೆಯಲ್ಲಿ ಯಾರು ಯಾರು ಹೊಡೆಯುತ್ತಾರೋ ಅವರೆಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಹಾಕಿ. ಮಾಲೀಕ ಒಪ್ಪದಿದ್ದರೆ ಚೀಲ ಎತ್ತಿಕೊಂಡು ಬನ್ನಿ. ಬೇಡ ಎನ್ನಲು ಬಾಯಿ ಇರಲಿಲ್ಲವೇ ಎಂದು ಕಿತ್ತೂರಿನ ಕಡೆಯವರು ನನ್ನನ್ನು ಕೇಳಿದ್ದು ಇದನ್ನೇ, ನನಗೆ ದೀಪ ಹಾರ್ನಿನ ಮಟ್ಟಿಗಷ್ಟೇ ತಿಳಿದಿತ್ತು.

ಮುಂದಿನ ಮುಂಗಾರಿಗೆ ನೀಲವ್ವನ ಮನೆಯಿಂದ ಮತ್ತೆ ಕರೆ ಬಂತು. ಟ್ರೇಲರಿನ ಸಾಕೆಟ್ಟಿಗೆ ನೀರು ಹೊಕ್ಕಿತ್ತು. ಬೆಳಗಿನ ಹೊತ್ತು, ಅದೇ ಬಿತ್ತನೆಯ ದಿನ, ಅದೇ ಕೂರಿಗೆ. ಎದುರಿನ ಬಾಗಿಲಲ್ಲಿ ಶಾಂತವ್ವ. ಈ ಸಲ ಆಕೆ ನೋಡಲೂ ಇಲ್ಲ, ಕಸಬರಿಗೆ ಇಟ್ಟು ಒಳಗೆ ಹೊರಟಳು. ನನಗೆ ಧೈರ್ಯ ಬಂತೆಂದು ಹೇಳಲಾರೆ. ಸಾಕಾಯಿತು, ಅಷ್ಟೇ.

"ತಂಗಿ, ನಿಂದ್ರು," ಎಂದೆ. ರಸ್ತೆ ದಾಟಿ ಅವರ ಅಂಗಳಕ್ಕೆ ಹೋದೆ. ಈರಪ್ಪ ಗಾಡಿಯ ಹತ್ತಿರವೇ ನಿಂತಿದ್ದ. ನೀಲವ್ವ, ಬಿತ್ತಲು ಬಂದಿದ್ದ ಹೆಂಗಸರು, ಎಲ್ಲರೂ ಈ ಕಡೆ ನೋಡುತ್ತಿದ್ದರು. "ಹತ್ತಿ ಕುಂಡ್ರು. ಮಡ್‌ಗಾರ್ಡಿನ ಅಂಚಿನ ಒಳಗ ಕೈ ಹಾಕು. ಒಂದ ಸ್ವಿಚ್ ಐತಿ. ಮ್ಯಾಲೆ ಮಾಡು. ಅದನ್ನ ಹಾಕಿದಾಂವ ನಾನು. ನಿನ್ನ ಗಂಡ ಹೇಳಿ ಹಾಕಿಸಿದ, ನಿನಗ ಗೊತ್ತಾಗಬಾರ್ದು ಅಂದ, ನಾ ಹೂಂ ಅಂದೆ. ನಿನ್ನ ಕೈದೂ ತಪ್ಪಿಲ್ಲ, ಕಾಲಿಂದೂ ತಪ್ಪಿಲ್ಲ."

ಈರಪ್ಪ, "ಮಾತ ಕೊಟ್ಟಿದ್ರಿ," ಎಂದ, ಮೆಲ್ಲಗೆ. ಆಮೇಲೆ ಗೋಡೆಯ ಕಡೆ ತಿರುಗಿ ನಿಂತ.

ಶಾಂತವ್ವ ಹತ್ತಿದಳು. ಬೆರಳಿಗೆ ಸ್ವಿಚ್ಚು ಸಿಕ್ಕಿದ್ದು ಆಕೆಯ ಮುಖದಲ್ಲಿ ಕಂಡಿತು. ಕ್ಲಚ್ಚು ಒತ್ತಿ ಕೀಲಿ ತಿರುಗಿಸಿದಳು. ಗಾಡಿ ಒಂದೇ ಪೆಟ್ಟಿಗೆ ಎದ್ದಿತು. ಸ್ವಲ್ಪ ಹೊತ್ತು ನಡೆಯಲು ಬಿಟ್ಟು, ಬಂದ್ ಮಾಡಿ ಇಳಿದಳು. ಬೈಯುತ್ತಾಳೆಂದು, ಅಳುತ್ತಾಳೆಂದು ನಾನು ಕಾದು ನಿಂತಿದ್ದೆ. ಗಂಡನ ಕಡೆ ನೋಡಲಿಲ್ಲ.

"ಹ್ವಾದ ವರ್ಷ ನೀಲವ್ವತ್ತಿ ಮನಿಗೆ ನೀವು ಬಂದಿದ್ರಿ. ಆವಾಗ ನಿಮಗ ಗೊತ್ತಾಗಿತ್ತೇನ್ರಿ, ಜನ ನನಗ ಏನಂತಾರ ಅನ್ನೂದು?"

ಗೊತ್ತಾಗಿತ್ತು ಎಂದೆ.

"ಈ ಬ್ಯಾಸಗ್ಯಾಗ ಮಗಳ ಮದುವಿ ಆತ್ರಿ ಅಣ್ಣಾರ," ಎಂದಳು. "ಅರಿಶಿಣಕ್ಕ ಮೊದಲ ಕೈ ನಂದ ಇರಬೇಕಿತ್ತು. ಹಡದಾಕಿ ನಾನು. ನಾ ಮುಟ್ಟಲಿಲ್ಲ. ಏನರ ಕೆಟ್ಟ ಆದೀತು ಅಂತ ಅಂಜಿ, ಹೊಟ್ಟಿಬ್ಯಾನಿ ಅಂದು ಕ್ವಾಣ್ಯಾಗ ಕುಂತೆ."

ಊರವರ ಮಾತು ನನಗೆ ಗೊತ್ತಾದ ಮೇಲೆ, ನಾನು ಬಾಯಿಬಿಡುವುದಕ್ಕೆ ಮೊದಲು ಆ ಮದುವೆ ಆಗಿತ್ತು. ನಾನು ಸುಮ್ಮನಿದ್ದ ಆ ವರ್ಷದ ಒಳಗೆ. ಅದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. "ಬಿಚ್ಚಿ ಕೊಡ್ರಿ," ಎಂದಳು. ಬ್ಯಾಟರಿಯ ಮೈನಸ್ ತೆಗೆದು, ಸ್ವಿಚ್ಚು ಬಿಚ್ಚಿ, ಎರಡು ತುದಿ ಕೂಡಿಸಿ ಬೆಸುಗೆ ಹಾಕಿ ಮುಚ್ಚಿದೆ. ಕೆಲಸ ಮುಗಿಯುವ ತನಕ ಆಕೆ ಪಕ್ಕದಲ್ಲೇ ನಿಂತು ನೋಡಿದಳು. ಯಾರೂ ಬಾಗಿಲು ಮುಂದೆ ಮಾಡಿರಲಿಲ್ಲ.

ಆಗ ನೀಲವ್ವ ಸೆರಗು ಸರಿಪಡಿಸಿಕೊಂಡು ರಸ್ತೆ ದಾಟಿ ಬಂದು ಆಕೆಯ ಕೈ ಹಿಡಿದಳು. "ನಮ್ಮ ಬಾಯಿ ಸುಡ್ಲಿ. ಬಾರವಾ ಶಾಂತಾ, ಕೂರಿಗಿ ಕಾಯಾಕ ಹತ್ತೇತಿ. ಮೊದಲ ಮುಷ್ಟಿ ನಿಂದ," ಎಂದು ಕರೆದುಕೊಂಡು ಹೋದಳು. ಹೆಂಗಸರು ದಾರಿ ಬಿಟ್ಟರು. ಯಾರೋ ಆಕೆಯ ಉಡಿಗೆ ಹೆಸರಿನ ಬೀಜ ಸುರಿದರು. ನಾನು ಚೀಲ ಹೆಗಲಿಗೇರಿಸಿ ರಸ್ತೆಯ ಅಂಚಿಗೆ ನಿಂತೆ. ನೋಡಿ ಹೋಗಬೇಕೆನ್ನಿಸಿತು, ನನ್ನ ಮನಸ್ಸಿನ ಭಾರ ಇಳಿಯುತ್ತದೆಂಬ ಸ್ವಾರ್ಥವೂ ಇತ್ತು.

ಶಾಂತವ್ವ ಉಡಿಯಿಂದ ಒಂದು ಮುಷ್ಟಿ ತೆಗೆದಳು. ಕೂರಿಗೆಯ ಬಟ್ಟಲಿನ ಮೇಲೆ ಹಿಡಿದಳು. ಎಲ್ಲರೂ ಕಾಯುತ್ತಿದ್ದರು. ಮುಷ್ಟಿ ಬಿಚ್ಚಲಿಲ್ಲ. ಮತ್ತೊಮ್ಮೆ ಮೇಲೆತ್ತಿ, ಮತ್ತೊಮ್ಮೆ ಹಿಡಿದಳು. ಕೊನೆಗೆ ಬೀಜವನ್ನು ಮೆಲ್ಲಗೆ ವಾಪಸು ಉಡಿಗೆ ಹಾಕಿಕೊಂಡು, "ನೀವ ಹಾಕ್ರಿ ಅತ್ತಿ," ಎಂದಳು. "ಆಮ್ಯಾಲೆ ನಾ ಹಾಕತೇನಿ."